ಅಭಿಮಾನಿ ಗುಂಪಿನ ಹರಟೆಯಲ್ಲಿ ಬಂದ ‘ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ’ ಸಂದೇಶ ನಿಜವೇ?

ಕ್ರಿಕೆಟ್ ಅಭಿಮಾನಿಗಳ ವಾಟ್ಸಾಪ್ ಗುಂಪುಗಳಲ್ಲಿ ಪಂದ್ಯ ಇಲ್ಲದ ದಿನವೂ ನಮ್ಮ ಮಾತು ನಿಲ್ಲುವುದಿಲ್ಲ. ತಿಂಡಿ ಆಯ್ತಾ, ಮಳೆ ಬಂತಾ, ಮಗುವಿಗೆ ಜ್ವರ ಇಳಿಯಿತಾ? ಇದು ಬರೀ ಕಾಡುಹರಟೆಯಲ್ಲ. ಕೋತಿಗಳು ಒಂದರ ಮೈಯ ಹೇನನ್ನು ಇನ್ನೊಂದು ಹೆಕ್ಕುತ್ತಾ ನಂಟು ಬೆಳೆಸುವಂತೆ, ಮನುಷ್ಯರು ಹರಟೆಯಿಂದ ನಂಟು ಬೆಳೆಸುತ್ತಾರೆ ಎಂದು ವಿಜ್ಞಾನಿ ರಾಬಿನ್ ಡನ್‌ಬಾರ್ ತಮ್ಮ 1996ರ ಪುಸ್ತಕದಲ್ಲಿ ವಾದಿಸಿದ್ದಾರೆ.

ತೊಂದರೆ ಇರುವುದೂ ಇಲ್ಲೇ. ನಂಟಿನ ಜೊತೆ ನಂಬಿಕೆಯೂ ಬರುತ್ತದೆ. ‘ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮಿ, ಜೀವ ಉಳಿಯುತ್ತದೆ’ ಎಂಬ ಸಂದೇಶವನ್ನು ದಿನವೂ ಮಾತಾಡುವ ಗೆಳೆಯರೇ ಕಳಿಸಿದರೆ ನಾವು ಅನುಮಾನಪಡುವುದಿಲ್ಲ.

ಸತ್ಯವೇನು?

ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿರುತ್ತದೆ. ಕೆಮ್ಮಿದರೆ ಅದು ತೆರೆಯುವುದಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಿರುವ ವೈದ್ಯರು, ಬಡಿತ ದಿಢೀರ್ ಏರುಪೇರಾದಾಗ ರೋಗಿಗೆ ಕೆಮ್ಮಲು ಹೇಳುವುದುಂಟು. ಆದರೆ ಅದು ಮನೆಮದ್ದಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಇದನ್ನು ಜನಸಾಮಾನ್ಯರಿಗೆ ಶಿಫಾರಸು ಮಾಡುವುದಿಲ್ಲ.

ಎದೆ ಬಿಗಿದು ಬೆವರು ಸುರಿದರೆ ಕೆಮ್ಮುತ್ತಾ ಹೊತ್ತು ಕಳೆಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಗುಂಪಿನ ಹರಟೆ ಮುಂದುವರಿಯಲಿ, ಈ ಸಂದೇಶ ಮಾತ್ರ ನಿಮ್ಮ ಫೋನಿನಲ್ಲೇ ನಿಲ್ಲಲಿ.