ಕದಳೀಫಲದ ಮಾಧುರ್ಯ: ಬಿನ್ ಮಹಮೂದಿನ ಅಡುಗೆಮನೆಯಿಂದ

ಕನ್ನಡಿಗರು ಯಾವ ನಾಡಿಗೆ ಹೋಗಿ ನೆಲೆಸಿದರೂ ಅಂಗಡಿಯಲ್ಲಿ ಮೊದಲು ಕಣ್ಣಾಡಿಸುವುದು ಎರಡು ವಸ್ತುಗಳಿಗಾಗಿ: ಒಂದು ತೆಂಗಿನಕಾಯಿ, ಇನ್ನೊಂದು ಬಾಳೆಹಣ್ಣು. ಹಬ್ಬದ ತಟ್ಟೆಗೂ, ಕೈಗೂಸಿನ ಬಾಯಿಗೂ, ಜ್ವರ ಬಿಟ್ಟು ಎದ್ದವರ ನಾಲಿಗೆಗೂ ಸಮನಾಗಿ ಒಪ್ಪುವ ಹಣ್ಣು ಮತ್ತೊಂದಿಲ್ಲ. ಕತಾರಿನ ರಾಜಧಾನಿ ದೋಹಾದ ನಡುವಣ ಬಡಾವಣೆಯಾದ ಬಿನ್ ಮಹಮೂದಿನಲ್ಲಿ ವಾಸಿಸುವ ನಮಗೆ ಈ ಎರಡಕ್ಕೂ ಕೊರತೆಯಿಲ್ಲ. 2019ರ ನವೆಂಬರಿನಲ್ಲಿ ಮೆಟ್ರೊ ರೈಲಿನ ಚಿನ್ನದ ಮಾರ್ಗ ತೆರೆದಾಗ ನಮ್ಮ ಬಡಾವಣೆಗೂ ಒಂದು ನಿಲ್ದಾಣ ಬಂದಿತು; ಆದರೆ ಬಾಳೆಹಣ್ಣಿಗಾಗಿ ರೈಲು ಹತ್ತಬೇಕಾದ ಪ್ರಮೇಯವೇ ಇಲ್ಲ. ಮನೆಯ ಕೆಳಗಿನ ಅಂಗಡಿಯಲ್ಲಿಯೇ ಹಡಗಿನಲ್ಲಿ ಬಂದ ಫಿಲಿಪೈನ್ಸಿನ ಪಚ್ಚಬಾಳೆ, ಅದರ ಪಕ್ಕದಲ್ಲಿ ಕೇರಳದ ನೇಂದ್ರ, ಅದೃಷ್ಟವಿದ್ದ ದಿನ ವಿಮಾನದಲ್ಲಿ ಬಂದ ಏಲಕ್ಕಿ ಬಾಳೆ. ಇಲ್ಲಿನವರು ಅದನ್ನು ‘ಮೌಝ್’ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞ ಲಿನೇಯಸ್ ಬಾಳೆಯ ಕುಲಕ್ಕೆ ‘ಮ್ಯೂಸಾ’ ಎಂದು ಹೆಸರಿಟ್ಟದ್ದು ಈ ಅರಬ್ಬೀ ಶಬ್ದದಿಂದಲೇ ಎಂದು ವಿದ್ವಾಂಸರ ಅಭಿಪ್ರಾಯ.

ಈ ಲೇಖನದ ವಿಷಯ ಧಾನ್ಯವನ್ನೂ ಸಕ್ಕರೆಯನ್ನೂ ಬಿಟ್ಟು, ಬಾಳೆಹಣ್ಣಿನ ಸಿಹಿಯೊಂದರಿಂದಲೇ ಮಾಡಬಹುದಾದ ತಿಂಡಿಗಳು. ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಪಾಕಶಾಸ್ತ್ರಕ್ಕೇನು ಕೆಲಸವೆಂದು ಕೇಳುವವರು ತಮ್ಮ ಊರಿನ ಕನ್ನಡ ಕೂಟದ ಊಟದ ಮೇಜನ್ನೊಮ್ಮೆ ನೆನಪಿಸಿಕೊಳ್ಳಬೇಕು. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಹೋಳಿಗೆ, ಜಾಮೂನು, ಮೈಸೂರುಪಾಕುಗಳ ನಡುವೆ ಮಧುಮೇಹಿಗಳಾದ ಹಿರಿಯರು ತಟ್ಟೆ ಹಿಡಿದು ನಿಂತಿರುತ್ತಾರೆ. ‘ಒಂದೇ ಒಂದು ತೊಗೊಳ್ಳಿ, ಏನೂ ಆಗಲ್ಲ’ ಎಂಬ ಉಪಚಾರದ ಮುಂದೆ ವೈದ್ಯರ ಮಾತು ಸೋಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿಯೇ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಕೊಲ್ಲಿಯ ಸೆಕೆಯಲ್ಲಿ ವರ್ಷದ ಐದಾರು ತಿಂಗಳು ಹೊರಗೆ ನಡೆದಾಡುವುದೂ ದುಸ್ತರವಾದ ನಮ್ಮಂಥವರ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ಉಂಟು. ನಮ್ಮ ಕಟ್ಟಡದಲ್ಲಿಯೇ ಇರುವ ಒಂದು ಕನ್ನಡ ಕುಟುಂಬದ ಬಾಲಕನಿಗೆ ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಅವನ ಕರುಳಿಗೆ ವಿಷಪ್ರಾಯ. ಹುಟ್ಟುಹಬ್ಬದ ಕೂಟಗಳಲ್ಲಿ ಇತರ ಮಕ್ಕಳು ಕೇಕಿಗಾಗಿ ಮುತ್ತಿಕೊಂಡಾಗ ಅವನು ತಾಯಿ ಕಟ್ಟಿಕೊಟ್ಟ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಬದಿಗೆ ಕೂರುತ್ತಾನೆ. ಇಂಥ ಮಕ್ಕಳಿಗೆ ಎಲ್ಲ ಧಾನ್ಯಗಳೂ ನಿಷಿದ್ಧವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಅಕ್ಕಿ, ರಾಗಿ, ಜೋಳ, ನವಣೆಗಳು ಗ್ಲುಟೆನ್‌ರಹಿತವಾದವು. ರಾಗಿಯ ನಾಡಿನವರಾದ ನಾವು ಈ ವಿಷಯದಲ್ಲಿ ಪುಣ್ಯವಂತರೇ ಸರಿ. ಆದರೆ ಗೋಧಿಯ ಹಿಟ್ಟು ಬೀಸಿದ ಗಿರಣಿಯಲ್ಲಿಯೇ ಇವುಗಳನ್ನೂ ಬೀಸಿದ್ದರೆ ಪ್ರಯೋಜನವಾಗದು. ಧಾನ್ಯವನ್ನು ಪೂರ್ತಿಯಾಗಿ ಬಿಟ್ಟು ಮಾಡಿದ ತಿಂಡಿಯಲ್ಲಿ ಈ ಗಿರಣಿಯ ತಲೆನೋವು ಕಡಿಮೆ. ಬಾದಾಮಿ ಪುಡಿಯನ್ನು ಮನೆಯ ಮಿಕ್ಸಿಯಲ್ಲಿಯೇ ಮಾಡಿಕೊಂಡರೆ ಮತ್ತೂ ಒಳಿತು.

ಧಾನ್ಯವಿಲ್ಲದ ಆಹಾರವೆಂದರೆ ಪಾಶ್ಚಾತ್ಯರ ಹೊಸ ಶೋಧನೆಯೆಂದು ಭಾವಿಸುವವರು ನಮ್ಮ ಏಕಾದಶಿಯನ್ನು ಮರೆತಿದ್ದಾರೆ. ಅಂದು ಧಾನ್ಯ ವರ್ಜ್ಯ. ಕಟ್ಟುನಿಟ್ಟಿನ ಮಾಧ್ವ ಮನೆಗಳಲ್ಲಿ ನೀರನ್ನೂ ಮುಟ್ಟದವರಿದ್ದಾರೆ. ಮಿಕ್ಕವರಿಗೆ ಹಾಲು, ಹಣ್ಣು, ಕಾಯಿ. (ಅವಲಕ್ಕಿಯೂ ಸಜ್ಜಿಗೆಯ ಉಪ್ಪಿಟ್ಟೂ ಫಲಾಹಾರದ ಪಟ್ಟಿಯೊಳಗೆ ಹೇಗೆ ನುಸುಳಿದವೆಂಬುದನ್ನು ಬಲ್ಲವರೇ ಹೇಳಬೇಕು. ಅಕ್ಕಿಯನ್ನು ಕುಟ್ಟಿ ಚಪ್ಪಟೆ ಮಾಡಿದೊಡನೆ ಅದು ಫಲವಾಗಿಬಿಡುವುದೇ?) ಬಾಳೆಹಣ್ಣನ್ನು ಸಿಹಿತಿಂಡಿಯಾಗಿಸುವ ಕಲೆಯೂ ನಮಗೆ ಹಳೆಯದೇ. ಬಯಲುಸೀಮೆಯ ಸೀಕರಣೆ, ಕರಾವಳಿಯ ರಸಾಯನ, ಉತ್ತರ ಕನ್ನಡದ ಸುಕೇಳಿ ಇವೆಲ್ಲವೂ ಧಾನ್ಯವಿಲ್ಲದವೇ. ಸೀಕರಣೆಗೆ ಸಕ್ಕರೆಯನ್ನೂ ರಸಾಯನಕ್ಕೆ ಬೆಲ್ಲವನ್ನೂ ಧಾರಾಳವಾಗಿ ಸುರಿಯುವುದು ವಾಡಿಕೆ. ಸುಕೇಳಿಯಾದರೋ ಅಪ್ಪಟ ಬಾಳೆಹಣ್ಣು. ಸಿಪ್ಪೆ ಸುಲಿದು ಬಿಸಿಲಿಗಿಟ್ಟು ಒಣಗಿಸಿದ್ದು, ಬೇರೇನೂ ಇಲ್ಲ. ಒಣಗಿದ ಹಣ್ಣು ಕಂದುಬಣ್ಣಕ್ಕೆ ತಿರುಗಿ, ಜಿಗುಟಾಗಿ, ಜೇನಿನ ಪರಿಮಳ ಸೂಸುತ್ತದೆ. ಈ ಲೇಖಕಿಯ ಅಭಿಪ್ರಾಯದಲ್ಲಿ ಯಾವ ದೇಶದ ಚಾಕೊಲೇಟೂ ಅದರ ಮುಂದೆ ನಿಲ್ಲಲಾರದು.

ಬಾಳೆಯ ಸಿಹಿ ಎಲ್ಲಿಂದ ಬರುತ್ತದೆಂಬುದನ್ನು ತಿಳಿದರೆ ಅಡುಗೆ ಸುಲಭವಾಗುತ್ತದೆ. ಬಲಿತ ಹಸಿರು ಕಾಯಿಯ ತಿರುಳಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಮೇಲ್ಪಟ್ಟು ಪಿಷ್ಟ, ಒಂದೆರಡು ಪಾಲು ಮಾತ್ರ ಸಕ್ಕರೆ. ಕಾಯಿ ಹಣ್ಣಾಗುವಾಗ ತಾನೇ ಹೊರಸೂಸುವ ಎಥಿಲೀನ್ ಅನಿಲದ ಪ್ರೇರಣೆಯಿಂದ ಪಿಷ್ಟವೆಲ್ಲ ಒಡೆದು ಸಕ್ಕರೆಯಾಗಿ, ಲೆಕ್ಕ ತಲೆಕೆಳಗಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ತುಂಬಿ, ಮನೆಯ ಮಕ್ಕಳು ಮೂಗು ಮುರಿಯುವ ಹಂತವೇ ನಮಗೆ ಬೇಕಾದದ್ದು. ಹಳದಿಯಾಗಿ ಗಟ್ಟಿಯಿರುವ ಹಣ್ಣನ್ನು ಬಳಸಿ, ಸಿಹಿ ಸಾಲದೆಂದು ಸಕ್ಕರೆ ಬೆರೆಸುವುದಾದರೆ ಈ ಪ್ರಯಾಸವೆಲ್ಲ ವ್ಯರ್ಥ. ದೋಹಾದ ಬೇಸಗೆಯಲ್ಲಿ ಈ ಹಂತ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದು ಹೋಗುತ್ತದೆ. ಹಾಗೆಂದು ಹಸಿರುಹಳದಿ ಹಣ್ಣನ್ನು ಫ್ರಿಜ್ಜಿಗೆ ತುಂಬಬಾರದು. ಬಾಳೆಯನ್ನು ಸಾಗಿಸುವ ಹಡಗುಗಳಲ್ಲಿ 13-14 ಡಿಗ್ರಿಗಿಂತ ಕೆಳಗೆ ತಂಪು ಮಾಡುವುದಿಲ್ಲ. ಅದಕ್ಕಿಂತ ತಂಪಾದರೆ ಸಿಪ್ಪೆ ಕಪ್ಪಾಗಿ, ಹಣ್ಣಾಗುವ ಕ್ರಿಯೆಯೇ ಕೆಡುತ್ತದೆ. ಪೂರ್ತಿ ಹಣ್ಣಾದ ಮೇಲೆ ಸಿಪ್ಪೆ ಸುಲಿದು, ತುಂಡು ಮಾಡಿ, ಫ್ರೀಜರಿನಲ್ಲಿಟ್ಟುಕೊಂಡರೆ ತಿಂಗಳವರೆಗೂ ಒದಗುತ್ತದೆ.

ಕೇಕಿನ ವಿಚಾರಕ್ಕೆ ಬರೋಣ. ಚೆನ್ನಾಗಿ ಕಳಿತ ಮೂರು ದೊಡ್ಡ ಪಚ್ಚಬಾಳೆಹಣ್ಣು, ಮೂರು ಮೊಟ್ಟೆ, 200 ಗ್ರಾಂ ಬಾದಾಮಿ ಪುಡಿ, ಕಾಲು ಲೋಟ ಕೊಬ್ಬರಿ ಎಣ್ಣೆ ಅಥವಾ ಕರಗಿಸಿದ ತುಪ್ಪ, ಒಂದು ಟೀ ಚಮಚ ಅಡುಗೆ ಸೋಡ, ಒಂದು ಚಮಚ ನಿಂಬೆರಸ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಹಣ್ಣನ್ನು ನುಣ್ಣಗೆ ಕಿವುಚಿ, ಮೊಟ್ಟೆ ಮತ್ತು ಎಣ್ಣೆಯನ್ನು ಕದಡಿ, ಒಣಪದಾರ್ಥಗಳನ್ನು ಬೆರೆಸಿ, ಕೊನೆಗೆ ನಿಂಬೆರಸ ಹಿಂಡಿ, ತಡಮಾಡದೆ 175 ಡಿಗ್ರಿಯ ಒಲೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಹಣ್ಣಿನ ಸಕ್ಕರೆ ಬೇಗ ಕೆಂಪಾಗುವುದರಿಂದ ಅರ್ಧ ಗಂಟೆಯ ಬಳಿಕ ಮೇಲೊಂದು ಅಲ್ಯೂಮಿನಿಯಂ ಹಾಳೆ ಮುಚ್ಚುವುದು ಕ್ಷೇಮ. ಬೇಕಿಂಗ್ ಪೌಡರನ್ನು ಬಿಟ್ಟು ಸೋಡ ಮತ್ತು ನಿಂಬೆರಸವನ್ನು ಹೇಳಿದ್ದಕ್ಕೆ ಕಾರಣವಿದೆ: ಅಂಗಡಿಯ ಬೇಕಿಂಗ್ ಪೌಡರಿನಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ, ಅದೂ ಧಾನ್ಯವೇ. ಮೈದಾ ಇಲ್ಲದ ಕೇಕು ಪೂರ್ತಿ ತಣಿಯುವವರೆಗೆ ಕತ್ತರಿಸಲು ಬಾರದು. ಗ್ಲುಟೆನ್ನಿನ ಬಿಗಿ ಇಲ್ಲದಿರುವುದರಿಂದ ಬಿಸಿಯಲ್ಲಿ ಚಾಕು ಹಾಕಿದರೆ ಉದುರಿಹೋಗುತ್ತದೆ.

ಮೊಟ್ಟೆ ಮುಟ್ಟದವರಿಗೆ ಒಲೆಯ ಗೊಡವೆಯೇ ಬೇಡದ ಉಂಡೆ ಇದೆ. ದಪ್ಪತಳದ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಹಾಕಿ, ಕಿವುಚಿದ ನೇಂದ್ರದ ಹಣ್ಣನ್ನು ಸಣ್ಣ ಉರಿಯಲ್ಲಿ ಮಗುಚುತ್ತಿರಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ನೀರು ಆರಿ, ಮುದ್ದೆ ತಳ ಬಿಡುತ್ತದೆ. ಅದಕ್ಕೆ ಹುರಿದ ಕೊಬ್ಬರಿ ತುರಿ, ಗೋಡಂಬಿ ಪುಡಿ, ಏಲಕ್ಕಿ ಸೇರಿಸಿ, ಕೈ ಸುಡದಷ್ಟು ಆರಿದ ಮೇಲೆ ಉಂಡೆ ಕಟ್ಟಿ ಹುರಿದ ಎಳ್ಳಿನಲ್ಲಿ ಹೊರಳಿಸಿದರಾಯಿತು. ಯಲ್ಲಾಪುರದ ಕಡೆಯಿಂದ ಮಗನ ಮನೆಗೆ ಬಂದಿದ್ದ ನೆರೆಮನೆಯ ಹಿರಿಯರೊಬ್ಬರು ಇದರ ರುಚಿ ನೋಡಿ, ‘ಹಲ್ವವೇ ಆಯಿತಲ್ಲ ತಂಗಿ, ಸಕ್ಕರೆ ಒಂದು ಮರೆತೆಯಷ್ಟೆ’ ಎಂದರು. ಆದರೂ ಮೂರು ಉಂಡೆ ತಿಂದರು. ಸಕ್ಕರೆಪಾಕದ ಉಂಡೆಯಂತೆ ಇದು ಹದಿನೈದು ದಿನ ಇರುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಪಾಕದಲ್ಲಿ ಸಕ್ಕರೆಯು ನೀರನ್ನು ಹಿಡಿದಿಟ್ಟು ಬೂಷ್ಟು ಬೆಳೆಯದಂತೆ ತಡೆಯುತ್ತದೆ. ಇಲ್ಲಿ ಆ ರಕ್ಷಣೆಯಿಲ್ಲ. ಫ್ರಿಜ್ಜಿನಲ್ಲಿ ಎರಡು ಮೂರು ದಿನಕ್ಕೆ ಮುಗಿಸಬೇಕು.

ಇಷ್ಟು ಹೇಳಿದ ಮೇಲೆ ಹೊಗಳಿಕೆಗೆ ಕಡಿವಾಣ ಹಾಕುವುದೂ ಅಗತ್ಯ. ‘ಸಕ್ಕರೆಯಿಲ್ಲದ್ದು’ ಎಂಬ ಹಣೆಪಟ್ಟಿ ಹಚ್ಚಿ ಮನಬಂದಂತೆ ತಿನ್ನುವುದು ಆತ್ಮವಂಚನೆ. ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇದ್ದೇ ಇದೆ. ಕಳಿತದ್ದರಲ್ಲಿ ಇನ್ನೂ ಹೆಚ್ಚು. ಮೇಲಿನ ಕೇಕನ್ನು ಹನ್ನೆರಡು ಹೋಳು ಮಾಡಿದರೆ ಹೋಳಿಗೆ ನಾಲ್ಕು ಐದು ಗ್ರಾಂ ಸಕ್ಕರೆ ಬರುತ್ತದೆ; 200 ಗ್ರಾಂ ಸಕ್ಕರೆ ಹಾಕುವ ಸಾಮಾನ್ಯ ಕೇಕಿನ ಹೋಳಿನಲ್ಲಿ ಹದಿನೇಳು ಗ್ರಾಂ. ಲಾಭವುಂಟು, ಪವಾಡವಿಲ್ಲ. ಬಾದಾಮಿಯೂ ಹಗುರವಲ್ಲ, ನೂರು ಗ್ರಾಂಗೆ ಸುಮಾರು 580 ಕ್ಯಾಲೊರಿ, ಮೈದಾ ಹಿಟ್ಟಿನದಕ್ಕಿಂತ ಒಂದೂವರೆ ಪಾಲು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಹೊರಗಿನಿಂದ ಬೆರೆಸಿದ ಸಕ್ಕರೆ, ಜೇನು, ಹಣ್ಣಿನ ರಸಗಳಲ್ಲಿನ ಸಕ್ಕರೆಯು ದಿನದ ಶಕ್ತಿಯ ಶೇಕಡಾ 10ನ್ನು ಮೀರಬಾರದು, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತೆಂದು ಹೇಳಿತು. ಇಡೀ ಹಣ್ಣನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಆದರೆ ಬ್ರಿಟನ್ನಿನ ಅಧಿಕೃತ ವ್ಯಾಖ್ಯೆಯು ಅರೆದು ನುಣ್ಣಗಾಗಿಸಿದ ಹಣ್ಣಿನ ಸಕ್ಕರೆಯನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಬೆಲ್ಲ ಹಾಕಿದೆ, ಆದ್ದರಿಂದ ಅಡ್ಡಿಯಿಲ್ಲವೆಂಬ ನಮ್ಮವರ ವಾದವಂತೂ ಯಾವ ವ್ಯಾಖ್ಯೆಯಲ್ಲಿಯೂ ನಿಲ್ಲದು. ಇಲ್ಲಿ ಹೇರಳವಾಗಿ ಸಿಗುವ ಖರ್ಜೂರವನ್ನು ಬಳಸಬಾರದೇಕೆಂದು ಕೇಳುವವರೂ ಇದ್ದಾರೆ. ಅದರ ತೂಕದ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಮೂತ್ರಪಿಂಡದ ತೊಂದರೆಯಿರುವವರೂ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಔಷಧ ಸೇವಿಸುವವರೂ ಬಾಳೆಯ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹಣ್ಣಿಗಿಂತಲೂ ಕಾಯಿಯ ಕಥೆ ನನಗೆ ಹೆಚ್ಚು ಸ್ವಾರಸ್ಯಕರವೆನಿಸಿದೆ. 2021ರ ಬೇಸಗೆಯಲ್ಲಿ ಕೊರೊನಾ ನಿರ್ಬಂಧಗಳಿಂದ ಮಾರುಕಟ್ಟೆ ಮುಚ್ಚಿ, ಊರಿನ ತೋಟಗಳಲ್ಲಿ ಬಾಳೆಗೊನೆ ಕೇಳುವವರಿಲ್ಲದಾದಾಗ, ಪುತ್ತೂರಿನಿಂದ ಪ್ರಕಟವಾಗುವ ‘ಅಡಿಕೆ ಪತ್ರಿಕೆ’ಯೂ ಅದರ ಸಂಪಾದಕರಾದ ಶ್ರೀ ಪಡ್ರೆಯವರೂ ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ಪ್ರಚಾರಕ್ಕೆ ತೊಡಗಿದರು. ‘ಬಾಳೆಕಾಯಿ ಹುಡಿ’ಯ ಮೊದಲಕ್ಷರಗಳಿಂದ ‘ಬಾಕಾಹು’ ಎಂಬ ಮುದ್ದಾದ ಹೆಸರೂ ಹುಟ್ಟಿತು. ವಾಟ್ಸಾಪ್ ಬಳಗಗಳ ಮೂಲಕ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗೃಹಿಣಿಯರು ಪರಸ್ಪರ ಕಲಿತು, ದೋಸೆಯಿಂದ ಜಾಮೂನಿನವರೆಗೆ ಅದರಿಂದ ಮಾಡತೊಡಗಿದರು. ಅದೇ ಜುಲೈ ತಿಂಗಳ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ಮಹಿಳೆಯರ ಸಾಹಸವನ್ನು ಉಲ್ಲೇಖಿಸಿದರು. ಕೇರಳ, ಕಾಸರಗೋಡುಗಳ ಕಡೆ ಎಳೆಗೂಸುಗಳಿಗೆ ಬಾಳೆಕಾಯಿ ಪುಡಿಯ ಗಂಜಿ ಉಣಿಸುವುದು ಹಿಂದಿನಿಂದಲೂ ಇದ್ದ ರೂಢಿ. ಅದನ್ನು ದೊಡ್ಡವರ ತಟ್ಟೆಗೆ ತಂದದ್ದು ಈ ಚಳವಳಿಯ ಹಿರಿಮೆ.

ನಮ್ಮ ಪ್ರಯೋಜನಕ್ಕೆ ಈ ಹುಡಿಯೊಂದು ವರ. ಅದರಲ್ಲಿ ಗ್ಲುಟೆನ್ ಇಲ್ಲ. ಬೇಯಿಸದ ಹುಡಿಯಲ್ಲಿ ಸುಲಭವಾಗಿ ಜೀರ್ಣವಾಗದೆ ನಾರಿನಂತೆ ವರ್ತಿಸುವ ಪಿಷ್ಟ ಹೇರಳವಾಗಿದೆ. ಬೇಯಿಸಿದಾಗ ಅದರ ಹೆಚ್ಚಿನ ಪಾಲು ಸಾಮಾನ್ಯ ಪಿಷ್ಟವಾಗುತ್ತದೆಂಬುದನ್ನೂ ಹೇಳಬೇಕು. ಕಾಯಿಯ ಹುಡಿ ಮತ್ತು ಹಣ್ಣಿನ ಸಿಹಿ ಒಂದಾದರೆ ಬಾಳೆಯೊಂದರಿಂದಲೇ ತಿಂಡಿ ಸಿದ್ಧ. ಒಂದು ಲೋಟ ಹುಡಿ, ಎರಡು ಕಳಿತ ಹಣ್ಣು, ಅರ್ಧ ಲೋಟ ತೆಂಗಿನತುರಿ, ಏಲಕ್ಕಿ, ಬೇಕಾದಷ್ಟು ತೆಂಗಿನ ಹಾಲು ಕಲಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಅಪ್ಪದ ಗುಳಿಯಲ್ಲಿ ತುಪ್ಪ ಸವರಿ ಎರಡೂ ಬದಿ ಬೇಯಿಸಿದರೆ ಕರಾವಳಿಯವರಿಗೆ ತಾಯಿಮನೆಯ ಗುಳಿಯಪ್ಪವೇ ನೆನಪಾಗುವುದು. ಹುಡಿಯನ್ನು ಇಲ್ಲಿಯೂ ಮಾಡಿಕೊಳ್ಳಬಹುದು. ಬಲಿತ ಕಾಯಿಯ ಸಿಪ್ಪೆ ಹೆರೆದು, ತೆಳುವಾಗಿ ಹೆಚ್ಚಿ, ಕಪ್ಪಾಗದಂತೆ ನೀರುಮಜ್ಜಿಗೆಯಲ್ಲಿ ಸ್ವಲ್ಪ ಹೊತ್ತು ಅದ್ದಿ, ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ ಪುಡಿ ಮಾಡಬೇಕು. ದೋಹಾದಲ್ಲಿ ಬಿಸಿಲಿಗೆ ಬರವಿಲ್ಲ; ಬೇಸಗೆಯಲ್ಲಿ ಶಮಾಲ್ ಗಾಳಿ ಹೊತ್ತು ತರುವ ಧೂಳಿಗೂ ಬರವಿಲ್ಲ, ಆಗಸ್ಟ್ ಸೆಪ್ಟೆಂಬರುಗಳಲ್ಲಿ ಗಾಳಿಯ ತೇವವೂ ಸಾಕಷ್ಟು. ಆದ್ದರಿಂದ ಬಾಲ್ಕನಿಯ ಆಸೆ ಬಿಟ್ಟು, ಒಲೆಯನ್ನು ಅತಿ ಸಣ್ಣ ಉರಿಗಿಟ್ಟು ಬಾಗಿಲನ್ನು ಒಂದಿಷ್ಟು ತೆರೆದಿಡುವುದೇ ಮೇಲು. ಸುಕೇಳಿಗೂ ಇದೇ ವಿಧಾನ.

ಕೊನೆಯದಾಗಿ ಕನ್ನಡ ಕೂಟಗಳ ಕಾರ್ಯಕರ್ತರಲ್ಲಿ ಒಂದು ವಿನಂತಿ. ಇಂಥ ತಿಂಡಿಗಳನ್ನು ಮೇಜಿಗೆ ತರುವಾಗ ಪಕ್ಕದಲ್ಲೊಂದು ಚೀಟಿ ಇರಲಿ. ಅದರಲ್ಲಿ ಮೊಟ್ಟೆಯಿದೆಯೇ, ಬಾದಾಮಿ, ಗೋಡಂಬಿ, ಎಳ್ಳು ಇವೆಯೇ, ಗೋಧಿ ತಾಗಿದೆಯೇ ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರಲಿ. ಬೀಜಗಳ ಅಲರ್ಜಿಯಿರುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಬಡಿಸುವ ಚಮಚ ಪ್ರತ್ಯೇಕವಾಗಿರಲಿ. ಹೋಳಿಗೆಯ ತಟ್ಟೆಯಲ್ಲಿ ಆಡಿದ ಚಮಚವನ್ನು ಈ ತಟ್ಟೆಗೆ ತಂದರೆ, ಸೀಲಿಯಾಕ್ ಇರುವ ಮಗುವಿಗೆ ಆ ತಿಂಡಿ ನಿಷಿದ್ಧವೇ ಆಗಿಬಿಡುತ್ತದೆ.