ಮುರಿಯದ ಬೀಗ, ಕಿತ್ತುಬಂದ ಚಿಲಕ

ನಮ್ಮ ಬೀದಿಯ ಕೊನೆಯ ಮನೆಯವರು ಮದುವೆಗೆಂದು ಮೂರು ದಿನ ಊರಿಗೆ ಹೋಗಿದ್ದರು. ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಬಂದಿಳಿದಾಗ ಮುಂಬಾಗಿಲು ಅರ್ಧ ತೆರೆದಿತ್ತು. ಅಂಗಡಿಯಲ್ಲಿ ಇದ್ದುದರಲ್ಲೇ ಗಟ್ಟಿಯಾದದ್ದನ್ನು ಕೇಳಿ ತಂದಿದ್ದ ಎಂಟು ಲೀವರಿನ ಬೀಗ ಹೊಸ್ತಿಲ ಪಕ್ಕದಲ್ಲಿ ಬಿದ್ದಿತ್ತು. ಸುದ್ದಿ ತಿಳಿದು ಓಡಿಬಂದ ನಮ್ಮೆಲ್ಲರ ಕಣ್ಣಿಗೂ ಬಿದ್ದದ್ದು ಒಂದೇ ಸಂಗತಿ: ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಚಿಲಕ, ಕೊಂಡಿ, ನಾಲ್ಕು ಪುಟ್ಟ ತಿರುಪು ಅದರ ಜೊತೆಗೇ ಕಿತ್ತುಬಂದಿದ್ದವು. ತಿರುಪುಗಳ ಸುರುಳಿಯಲ್ಲಿ ಮರದ ಪುಡಿ ಇನ್ನೂ ಸಿಕ್ಕಿಕೊಂಡಿತ್ತು.

ಬೀಗ ತನಗೆ ವಹಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಆ ಕೆಲಸ ಎಂಥದೆಂದು ತಿಳಿಯಬೇಕಾದರೆ ಅದರ ಹೊಟ್ಟೆಯೊಳಗೆ ನೋಡಬೇಕು. ಲೀವರ್ ಬೀಗದಲ್ಲಿ ತೆಳುವಾದ ಲೋಹದ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದನ್ನೂ ಸ್ಪ್ರಿಂಗು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ, ಒಂದೊಂದರಲ್ಲೂ ಒಂದು ಕಚ್ಚು ಇರುತ್ತದೆ. ಬೀಗದ ಕೈ ತಿರುಗಿದಾಗ ಅದರ ಹಲ್ಲುಗಳು ಪಟ್ಟಿಗಳನ್ನು ಬೇರೆಬೇರೆ ಎತ್ತರಕ್ಕೆ ಎತ್ತುತ್ತವೆ. ಎಲ್ಲ ಕಚ್ಚುಗಳೂ ಒಂದೇ ನೇರಕ್ಕೆ ಬಂದಾಗ ಮಾತ್ರ ಒಳಗಿನ ಗೂಟ ಅವುಗಳ ನಡುವೆ ಜಾರಿ ಬೀಗ ತೆರೆಯುತ್ತದೆ. ಒಂದೇ ಒಂದು ಪಟ್ಟಿ ಸ್ವಲ್ಪ ಕೆಳಗೆ ಉಳಿದರೂ ದಾರಿ ಇಲ್ಲ, ಸ್ವಲ್ಪ ಹೆಚ್ಚು ಮೇಲಕ್ಕೆ ಹೋದರೂ ದಾರಿ ಇಲ್ಲ. ಈ ಎರಡನೆಯ ಕಟ್ಟುಪಾಡೇ ಬೀಗದ ಚರಿತ್ರೆಯ ದೊಡ್ಡ ತಿರುವು. ಅದನ್ನು 1778ರಲ್ಲಿ ತಂದವನು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್. ಅವನಿಗೆ ಮುಂಚೆ ಪಟ್ಟಿಯನ್ನು ಹೇಗಾದರೂ ಮೇಲೆತ್ತಿದರೆ ಸಾಕಿತ್ತು.

ಬಾಗಿಲೊಳಗೇ ಕೂರಿಸುವ, ಚಪ್ಪಟೆ ಬೀಗದ ಕೈಯಿನ ಲಾಕ್‌ಗಳದು ಬೇರೆ ಉಪಾಯ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ರೂಢಿಗೆ ತಂದದ್ದು ಇದು. ಒಂದು ಉರುಳೆ, ಅದರ ಮೇಲೆ ಸಾಲಾಗಿ ಐದು ರಂಧ್ರ, ಪ್ರತಿ ರಂಧ್ರದಲ್ಲೂ ಎರಡು ತುಂಡಾದ ಕಡ್ಡಿ. ಸರಿಯಾದ ಬೀಗದ ಕೈ ಒಳಹೊಕ್ಕರೆ ಐದೂ ಕಡ್ಡಿಗಳ ಬಿರುಕು ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ, ಉರುಳೆ ತಿರುಗುತ್ತದೆ. ಪ್ರತಿ ಕಡ್ಡಿಗೆ ಆರು ಎತ್ತರ ಸಾಧ್ಯವಿದ್ದರೆ ಐದು ಕಡ್ಡಿಗಳಿಂದ 7,776 ಬೇರೆಬೇರೆ ಬೀಗದ ಕೈ ಮಾಡಬಹುದು.

ಇಂಥ ಯಂತ್ರವನ್ನು ಕೈಚಳಕದಿಂದ ಗೆಲ್ಲುವುದು ಎಷ್ಟು ಕಷ್ಟ? ಜೋಸೆಫ್ ಬ್ರಾಮಾ ಎಂಬ ಕುಶಲಕರ್ಮಿಯ ಬೀಗವೊಂದು ಲಂಡನ್ನಿನ ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿ ದಶಕಗಳ ಕಾಲ ಸವಾಲಾಗಿ ಕೂತಿತ್ತು. ತೆರೆದವರಿಗೆ 200 ಗಿನಿ ಬಹುಮಾನ. 1851ರಲ್ಲಿ, ಲಂಡನ್ನಿನ ಮಹಾ ವಸ್ತುಪ್ರದರ್ಶನದ ವರ್ಷ, ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದ. ಹದಿನಾರು ದಿನಗಳಲ್ಲಿ ಹರಡಿಕೊಂಡ 51 ಗಂಟೆಗಳ ದುಡಿಮೆ ಅದು. ಪ್ರಸಿದ್ಧವಾಗಿದ್ದ ಚಬ್ ಬೀಗ ಅವನಿಗೆ 25 ನಿಮಿಷದಲ್ಲಿ ಬಗ್ಗಿತು ಎನ್ನುವುದೂ ನಿಜ. ಆದರೆ ಹಾಬ್ಸ್ ಬೀಗಗಳ ಪಂಡಿತ. ನಮ್ಮ ಬೀದಿಗೆ ಬಂದವನ ಕೈಯಲ್ಲಿ ಇದ್ದದ್ದು ಬಹುಶಃ ಒಂದು ಗಡಾರಿ.

ಗಡಾರಿಯೂ ಯಂತ್ರವೇ, ಯಂತ್ರಗಳಲ್ಲೆಲ್ಲ ಅತಿ ಸರಳವಾದ ಸನ್ನೆ. ಅದರ ತುದಿಯನ್ನು ಚಿಲಕದ ಹಿಂದೆ ತೂರಿಸಿ ಬಾಗಿಲಿಗೆ ಆನಿಸಿದಾಗ, ಆನಿಸಿದ ಜಾಗದಿಂದ ತುದಿಗೆ ಐದು ಸೆಂಟಿಮೀಟರ್, ಕೈ ಹಿಡಿದ ಕಡೆಗೆ ಅರವತ್ತು ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಬಲ ಹನ್ನೆರಡು ಪಟ್ಟಾಗುತ್ತದೆ. 25 ಕಿಲೋ ತೂಕದಷ್ಟು ಜಗ್ಗಿದರೆ ಚಿಲಕದ ಮೇಲೆ 300 ಕಿಲೋ ತೂಕದಷ್ಟು ಎಳೆತ. ಆ ಎಳೆತ ಬೀಗದ ಲೀವರುಗಳನ್ನು ಮುಟ್ಟುವುದೇ ಇಲ್ಲ. ಅದನ್ನು ತಾಳಬೇಕಾದದ್ದು ಅರ್ಧ ಅಂಗುಲದ ನಾಲ್ಕು ತಿರುಪು ಮತ್ತು ಅವು ಕಚ್ಚಿ ಹಿಡಿದ ಒಂದಿಷ್ಟು ಮರದ ನಾರು. ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಬಾಗಿಲಾದರೆ ಆ ನಾರಿನಲ್ಲೂ ಕಸುವಿರುವುದಿಲ್ಲ.

ನಮ್ಮ ಹಳೆಯ ತೊಟ್ಟಿಮನೆಗಳ ಆಚಾರಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಾಗಿಲ ಹಿಂದೆ ಅಡ್ಡಲಾಗಿ ಜಾರಿ ಗೋಡೆಯ ಬಿಲದೊಳಗೆ ಹೋಗಿ ಕೂರುವ ಅಗುಳಿಯನ್ನು ನೆನಪಿಸಿಕೊಳ್ಳಿ. ಹೊರಗಿನಿಂದ ಬಾಗಿಲನ್ನು ಎಷ್ಟು ತಳ್ಳಿದರೂ ಆ ಬಲ ಇಡೀ ತೊಲೆಯ ಮೂಲಕ ಎರಡೂ ಬದಿಯ ಗೋಡೆಗೆ ಹೋಗುತ್ತಿತ್ತು. ತಿರುಪಿನ ಮಾತೇ ಇರಲಿಲ್ಲ. ಅಗುಳಿಗೆ ಒಳಗೆ ಒಬ್ಬರು ಇರಬೇಕಿತ್ತು, ಅಂದಿನ ಮನೆಗಳಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಆ ಅನುಕೂಲವಿಲ್ಲ. ಆದರೆ ಬಲವನ್ನು ಗೋಡೆಗೆ ದಾಟಿಸಬೇಕು ಎಂಬ ಅದರ ಸೂತ್ರವನ್ನು ನಾವು ಉಳಿಸಿಕೊಳ್ಳಬಹುದು.

ಬೀಗಕ್ಕೆ ಇನ್ನಷ್ಟು ದುಡ್ಡು ಸುರಿಯುವ ಮುನ್ನ ಬಡಗಿಯನ್ನು ಕರೆಸಿ. ಚಿಲಕದ ತಿರುಪು ತೆಗೆಸಿ, ಬಾಗಿಲ ಆಚೆಗೆ ದಾಟುವ ಬೋಲ್ಟು ಹಾಕಿಸಿ ಒಳಗಡೆ ಅಗಲವಾದ ವಾಷರು, ನಟ್ಟು ಬಿಗಿಸಿ. ಆಗ ಚಿಲಕ ಕಿತ್ತುಬರಬೇಕಾದರೆ ವಾಷರೇ ಹಲಗೆಯನ್ನು ಸೀಳಿಕೊಂಡು ಬರಬೇಕು. ಒಳಲಾಕ್ ಇರುವವರು ಅದರ ನಾಲಿಗೆ ಹೋಗಿ ಕೂರುವ ಚೌಕಟ್ಟಿನ ತಗಡನ್ನು ನೋಡಿ. ಅಲ್ಲೂ ಇರುವುದು ಹೆಚ್ಚಾಗಿ ಗಿಡ್ಡ ತಿರುಪೇ. ಮೂರು ಅಂಗುಲದ್ದು ಹಾಕಿದರೆ ಅದು ಚೌಕಟ್ಟಿನ ಆಳಕ್ಕೆ ಇಳಿದು ಹಿಡಿಯುತ್ತದೆ. ಚೌಕಟ್ಟು ಗೋಡೆಗೆ ಹೋಲ್ಡ್‌ಫಾಸ್ಟ್ ಪಟ್ಟಿಗಳಿಂದ ಭದ್ರವಾಗಿದೆಯೇ ಎಂದೂ ಕೇಳಿ. ಹಿತ್ತಿಲ ಬಾಗಿಲಿಗೂ ಇದೇ ಪರೀಕ್ಷೆ ಆಗಲಿ, ಮುಂಬಾಗಿಲಿಗೆ ತೇಗ ಹಾಕಿಸಿದವರೂ ಅಲ್ಲಿ ಕೈ ಬಿಗಿ ಹಿಡಿದಿರುತ್ತಾರೆ.

ಇಷ್ಟಾದರೂ ಯಾವ ಬಾಗಿಲೂ ಅಭೇದ್ಯವಲ್ಲ. ಗಟ್ಟಿ ಬಾಗಿಲು ಕೊಡುವುದು ಸಮಯವನ್ನು ಮತ್ತು ಸದ್ದನ್ನು. ಅರ್ಧ ನಿಮಿಷದ ಕೆಲಸ ಹತ್ತು ನಿಮಿಷವಾದರೆ, ಆ ಸದ್ದಿಗೆ ಎದ್ದು ದೀಪ ಹಾಕುವ ನೆರೆಯವರು ಬೇಕು. ಹೊರಗೆ ತೂಗುವ ಬೀಗ, ಗೇಟಿಗೆ ಸಿಕ್ಕಿಸಿದ ಎರಡು ದಿನದ ಪತ್ರಿಕೆ, ರಂಗೋಲಿ ಇಲ್ಲದ ಅಂಗಳ, ಹಗಲಲ್ಲೂ ಉರಿಯುವ ವರಾಂಡದ ದೀಪ ಇವೆಲ್ಲ ಮನೆ ಖಾಲಿ ಎಂದು ಬೀದಿಗೆ ಸಾರುತ್ತವೆ. ಊರಿಗೆ ಹೊರಡುವಾಗ ಠಾಣೆಗೆ ತಿಳಿಸಿ ಹೋದರೆ ರಾತ್ರಿ ಗಸ್ತಿನವರು ಇತ್ತ ಕಣ್ಣು ಹಾಯಿಸಬಹುದು.

ಕಳ್ಳತನ ಆಗಿಯೇ ಹೋಗಿದ್ದರೆ ಒಳಗೆ ನುಗ್ಗಬೇಡಿ, ಅವನು ಇನ್ನೂ ಅಲ್ಲೇ ಇರಬಹುದು. ಹೊರಗೆ ನಿಂತು 112ಕ್ಕೆ ಕರೆ ಮಾಡಿ. ನಾವು ಆ ದಿನ ಮಾಡಿದ ತಪ್ಪು ಇನ್ನೂ ನನ್ನ ಮನಸ್ಸನ್ನು ಕೊರೆಯುತ್ತದೆ: ಆ ಮನೆಯಾಕೆಯ ಅಳು ನೋಡಲಾರದೆ ಎಲ್ಲರೂ ಒಳಹೋಗಿ ಬೀರುವಿನ ಬಾಗಿಲು ತೆರೆದು, ಚೆಲ್ಲಿದ ಬಟ್ಟೆ ಮಡಚಿಟ್ಟೆವು. ಬೆರಳ ಗೆರೆಗಳ ಮೇಲಿನ ಬೆವರು, ಜಿಡ್ಡು ನಯವಾದ ಲೋಹದ ಮೇಲೆ ಅಚ್ಚಾಗಿ ಉಳಿಯುತ್ತದೆ, ನುಣುಪು ಪುಡಿ ಅದಕ್ಕೆ ಅಂಟಿ ಗೆರೆಗಳನ್ನು ಕಾಣಿಸುತ್ತದೆ. ಆ ಗೆರೆಗಳನ್ನು ವಿಂಗಡಿಸುವ ಪದ್ಧತಿಗೆ ಗಣಿತದ ರೂಪ ಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾದದ್ದು 1897ರಲ್ಲಿ. ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗ ತಯಾರಿಸಲು ತೊಡಗಿದ್ದೂ ಅದೇ ವರ್ಷ. ನಮ್ಮ ಬೀದಿಯ ಬೀರುವಿನ ಮೇಲೆ ಕೊನೆಗೆ ಸಿಕ್ಕಿದ್ದು ನಮ್ಮದೇ ಬೆರಳುಗಳ ಗುರುತು.

ಆ ಮನೆಯವರು ಈಗಲೂ ಊರಿಗೆ ಹೋಗಿಬರುತ್ತಾರೆ. ಹೋಗುವಾಗ ಎದುರು ಮನೆಯ ಅಜ್ಜಿಗೆ ಹೇಳಿ ಹೋಗುತ್ತಾರೆ. ಬೆಳಗ್ಗೆ ತಮ್ಮ ಅಂಗಳಕ್ಕೆ ರಂಗೋಲಿ ಹಾಕಿದ ಮೇಲೆ ಅಜ್ಜಿ ಅದೇ ಬಟ್ಟಲು ಹಿಡಿದು ರಸ್ತೆ ದಾಟಿ ಅವರ ಬಾಗಿಲಿಗೂ ನಾಲ್ಕೆಳೆ ಎಳೆಯುತ್ತಾರೆ. ಚಿಲಕಕ್ಕೆ ಬೋಲ್ಟು ಬಂದಿದೆ. ಬೀಗ ಮಾತ್ರ ಹಳೆಯದೇ.