ಪೇಶ್ವೆಯನ್ನೇ ಕೆಳಗಿಳಿಸಿದ ಬರೆಯದ ಕಟ್ಟಳೆ!

ನಾಸಿಕದ ಗೋದಾವರಿ ದಡದ ಆನಂದವಲ್ಲಿಯಲ್ಲಿ ವಾಡೆ ಕಟ್ಟಿಸಿಕೊಂಡಿದ್ದ ರಘುನಾಥರಾವ್ ಸಾಮಾನ್ಯನಲ್ಲ. 1758ರಲ್ಲಿ ಅವನ ದಂಡು ಸಿಂಧೂ ತೀರದ ಅಟಕ್‌ವರೆಗೂ ಹೋಗಿತ್ತು! ಅಂಥವನನ್ನೂ ಗದ್ದುಗೆಯಿಂದ ಇಳಿಸಿದ್ದು ಯಾವ ಹೊತ್ತಗೆಯಲ್ಲೂ ಬರೆಯದ ಕಟ್ಟಳೆ ಎಂದರೆ ನಂಬುತ್ತೀರಾ?

ಪೇಶ್ವೆ ಎಂದರೆ ಮರಾಠಾ ರಾಜ್ಯದ ಮುಖ್ಯ ಪ್ರಧಾನ. ಎಷ್ಟೇ ಬಲಾಢ್ಯನಾದರೂ ಸತಾರೆಯಲ್ಲಿದ್ದ ದೊರೆ ಛತ್ರಪತಿಯಿಂದ ಅಧಿಕಾರದ ವಸ್ತ್ರ ಬಂದರಷ್ಟೇ ಅವನು ಪೇಶ್ವೆ. ಹಿಂದೆ ಅಹಮದನಗರದ ನಿಜಾಮಶಾಹಿಯಲ್ಲೂ ಈ ಹುದ್ದೆಯಿತ್ತು. ಇಂದಿನ ಛತ್ರಪತಿ ಸಂಭಾಜಿನಗರಕ್ಕೆ 1610ರಲ್ಲಿ ಖಡಕಿ ಎಂಬ ಹೆಸರಿನಲ್ಲಿ ಅಡಿಪಾಯ ಹಾಕಿದ ಮಲಿಕ್ ಅಂಬರ್ ಆ ರಾಜ್ಯದ ಪೇಶ್ವೆ. ಅದೇ ವರ್ಷ ಸುಲ್ತಾನನನ್ನು ಕೊಲ್ಲಿಸಿ, ಅವನ ಎಳೆಯ ಮಗನನ್ನು ಪಟ್ಟಕ್ಕೆ ಕೂರಿಸಿದ. ಕೇಳುವವರೇ ಇರಲಿಲ್ಲ!

ಆದರೆ 1773ರಲ್ಲಿ ಮರಾಠಾ ರಾಜ್ಯದಲ್ಲಿ ಕೇಳುವವರು ಹುಟ್ಟಿಕೊಂಡರು. ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಯುವ ಪೇಶ್ವೆ ನಾರಾಯಣರಾವ್ ಕೊಲೆಯಾದ. ಚಿಕ್ಕಪ್ಪ ರಘುನಾಥರಾವ್ ಪೇಶ್ವೆಯಾದ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ವಿಚಾರಣೆ ನಡೆಸಿ, ಅಧಿಕಾರದಲ್ಲಿದ್ದ ಪೇಶ್ವೆಯ ಎದುರೇ ನಿಂತು, ತಪ್ಪಿತಸ್ಥ ನೀವೇ, ಇದಕ್ಕೆ ಪ್ರಾಯಶ್ಚಿತ್ತ ನಿಮ್ಮ ಪ್ರಾಣ ಎಂದರಂತೆ. ಸೈನ್ಯ ಅವರ ಕೈಯಲ್ಲಿರಲಿಲ್ಲ. ಹುದ್ದೆ ತೊರೆದು ಹಳ್ಳಿಗೆ ನಡೆದುಬಿಟ್ಟರು!

ಮುಂದಿನದು ಇನ್ನೂ ರೋಮಾಂಚಕ. ರಘುನಾಥರಾವ್ ದಂಡು ಕಟ್ಟಿಕೊಂಡು ಹೈದರಾಲಿಯ ಮೇಲೆ ಕರ್ನಾಟಕದತ್ತ ಹೊರಟಿದ್ದಾಗ, ನಾನಾ ಫಡಣವೀಸ್, ಸಖಾರಾಮ ಬಾಪು ಮೊದಲಾದ ಆಡಳಿತಗಾರರು ‘ಬಾರಭಾಯಿ’ ಕೂಟ ಕಟ್ಟಿದರು. ಕೊಲೆಯಾದವನ ಮಡದಿ ಗಂಗಾಬಾಯಿ ಗರ್ಭಿಣಿ. 1774ರ ಏಪ್ರಿಲ್ 18ರಂದು ಪುರಂದರ ಕೋಟೆಯಲ್ಲಿ ಗಂಡು ಮಗು ಹುಟ್ಟಿತು. ನಲವತ್ತು ದಿನದ ಆ ಕೂಸಿಗೆ ಸತಾರೆಯಿಂದ ವಸ್ತ್ರ ಬಂತು. ಹೊಸ ಪೇಶ್ವೆ ತೊಟ್ಟಿಲಲ್ಲಿ! ರಾಮಶಾಸ್ತ್ರಿಗಳು ಮತ್ತೆ ನ್ಯಾಯಪೀಠಕ್ಕೆ ಮರಳಿದರು.

ರಘುನಾಥರಾವ್ ಇಂಗ್ಲಿಷರ ಮರೆಹೊಕ್ಕು ಯುದ್ಧವನ್ನೇ ತಂದ. ಪ್ರಾಣದಂಡ ಅವನಿಗೆ ಆಗಲೇ ಇಲ್ಲ. ಆದರೆ 1782ರ ಸಾಲ್ಬಾಯಿ ಒಪ್ಪಂದದಲ್ಲಿ ಇಂಗ್ಲಿಷರೂ ಅವನ ಕೈಬಿಟ್ಟರು. ಪಿಂಚಣಿ ಪಡೆದು, ನಾಸಿಕಕ್ಕೂ ಸಂಭಾಜಿನಗರಕ್ಕೂ ನಡುವಿನ ಕೋಪರಗಾಂವ್‌ನಲ್ಲಿ 1783ರಲ್ಲಿ ತೀರಿಕೊಂಡ.

ಶಾಸನಸಭೆಯಿಲ್ಲ, ಅವಿಶ್ವಾಸ ನಿರ್ಣಯವಿಲ್ಲ. ಇದ್ದದ್ದು ಕಳಂಕ ಹೊತ್ತವನು ಗದ್ದುಗೆಯಲ್ಲಿರಬಾರದೆಂಬ ಬರೆಯದ ಕಟ್ಟಳೆ. ಒಬ್ಬ ನ್ಯಾಯಾಧೀಶರ ‘ಒಪ್ಪೆ’ ಎಂಬ ಮಾತು, ಆಜ್ಞೆ ಪಾಲಿಸಲೊಲ್ಲದ ಅಧಿಕಾರಿಗಳು, ಸತಾರೆಯ ವಸ್ತ್ರ: ಇಷ್ಟರಿಂದಲೇ ಒಬ್ಬ ಪ್ರಧಾನ ಉರುಳಿದ! ಇಂದು ನಮ್ಮ ಸಂವಿಧಾನದ 164ನೇ ವಿಧಿ ರಾಜ್ಯದ ಮಂತ್ರಿಮಂಡಲವನ್ನು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸಿದೆ. ಕಳಂಕ ಹೊತ್ತ ಮಂತ್ರಿ ತಾನೇ ರಾಜೀನಾಮೆ ಕೊಡಬೇಕೆಂಬುದು ಮಾತ್ರ ಇಂದಿಗೂ ಬರೆಯದ ಸಂಪ್ರದಾಯ. ಅದು ಉಳಿಯುವುದು ಎದುರು ನಿಂತು ಕೇಳುವವರಿದ್ದರಷ್ಟೇ. ರಾಮಶಾಸ್ತ್ರಿಗಳು ಕೇಳಿದರು. ಈಗ ಕೇಳಬೇಕಾದವರು ನಾವು.